ವಾಚ್‌ಮನ್ನಿನ ಫೋಟೋ ಇದೆ, ಮಗನದು?

ಠಾಣೆ, ಡೊಂಬಿವಲಿ, ಪುಣೆಯ ಕೋಥ್ರೂಡ್, ಎಲ್ಲಾದರೂ ಸರಿ, ಯಾವುದಾದರೂ ಹೌಸಿಂಗ್ ಸೊಸೈಟಿಯ ಆಫೀಸಿಗೆ ಹೋಗಿ ನೋಡಿ. ಕಪಾಟಿನಲ್ಲಿ ಒಂದು ದಪ್ಪ ಫೈಲು ಇರುತ್ತದೆ. ಕಟ್ಟಡಕ್ಕೆ ಬಂದುಹೋಗುವ ಬಾಯಿಯರು, ಡ್ರೈವರುಗಳು, ವಾಚ್‌ಮನ್ನರು, ಮುದುಕರನ್ನು ನೋಡಿಕೊಳ್ಳಲು ಬರುವ ಹುಡುಗಿಯರು, ಎಲ್ಲರ ಫೋಟೋ, ಆಧಾರ್ ನಕಲು, ಊರಿನ ವಿಳಾಸ ಅದರಲ್ಲಿ. ಎಲ್ಲೋ ಒಂಟಿಯಾಗಿದ್ದ ಮುದುಕಿಯೊಬ್ಬರ ಕೊಲೆಯಾದ ಸುದ್ದಿ ಬಂದ ವಾರ ಆ ಫೈಲು ಇನ್ನಷ್ಟು ದಪ್ಪವಾಗುತ್ತದೆ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಕಾರ್ಯದರ್ಶಿಗಳು ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ: ಕೆಲಸದವರ ಪೊಲೀಸ್ ವೆರಿಫಿಕೇಷನ್ ಕಡ್ಡಾಯ. ಕೆಳಗೆ ನಲವತ್ತು ಜನ ಕೈಮುಗಿಯುವ ಚಿತ್ರ ಹಾಕುತ್ತಾರೆ.

ಫೈಲಿನ ಬಗ್ಗೆ ನನಗೆ ತಕರಾರಿಲ್ಲ. ಚಿನ್ನಕ್ಕಾಗಿ, ನಗದಿಗಾಗಿ ಕೆಲಸದವರೇ ಮುದುಕರ ಕುತ್ತಿಗೆ ಹಿಸುಕಿದ ಪ್ರಕರಣಗಳು ಮುಂಬಯಿಯಲ್ಲೂ ದೆಹಲಿಯಲ್ಲೂ ಬೆಂಗಳೂರಿನಲ್ಲೂ ನಡೆದಿವೆ. ಅವು ಸುಳ್ಳಲ್ಲ. ನನ್ನ ಜಗಳ ಇರುವುದು ಆ ಫೈಲು ನಮಗೆ ಕೊಡುವ ನೆಮ್ಮದಿಯ ಜೊತೆ. ಅಪಾಯ ಲಿಫ್ಟಿನಲ್ಲಿ ಮೇಲೆ ಬರುತ್ತದೆ, ಹೆಸರು ಬರೆಸಿ ಬರುತ್ತದೆ, ಬಿಹಾರದಿಂದಲೋ ನೇಪಾಳದಿಂದಲೋ ಬರುತ್ತದೆ ಎಂಬ ನೆಮ್ಮದಿ ಅದು. (ಈ ಮಾತನ್ನು ಕನ್ನಡಿಗರ ಬಾಯಲ್ಲಿ ಕೇಳುವಾಗ ನನಗೆ ವಿಚಿತ್ರವೆನಿಸುತ್ತದೆ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ವರ್ಷಗಳಲ್ಲಿ ಈ ಊರಿನಲ್ಲಿ ಲುಂಗಿಯವರೆಂದು ಬೈಸಿಕೊಂಡವರು, ಉಡುಪಿ ಹೋಟೆಲುಗಳ ಗಾಜು ಒಡೆಸಿಕೊಂಡವರು ಯಾರು? ಆಗಿನ ಹೋಟೆಲ್ ಹುಡುಗರ ಮೊಮ್ಮಕ್ಕಳು ಈಗ ವಾಚ್‌ಮನ್ನಿನ ಆಧಾರ್ ನೋಡುತ್ತಿದ್ದೇವೆ.)

ಹೆಲ್ಪ್‌ಏಜ್ ಇಂಡಿಯಾ ಸಂಸ್ಥೆ 2018ರಲ್ಲಿ 23 ನಗರಗಳ 5014 ಹಿರಿಯರನ್ನು ಮಾತಾಡಿಸಿತು. ಕಾಲು ಭಾಗ ಜನ ತಮಗೆ ದೌರ್ಜನ್ಯವಾಗಿದೆ ಎಂದರು. ಯಾರಿಂದ ಎಂದು ಕೇಳಿದಾಗ ಅವರಲ್ಲಿ ಶೇಕಡಾ 52 ಮಂದಿ ಮಗನ ಹೆಸರು ಹೇಳಿದರು, ಶೇಕಡಾ 34 ಮಂದಿ ಸೊಸೆಯ ಹೆಸರು. ಎಲ್ಲವೂ ಹೊಡೆತವಲ್ಲ. ಹೆಚ್ಚಿನದು ಅವಮಾನ, ಬೈಗುಳ, ಲೆಕ್ಕಕ್ಕಿಲ್ಲದಂತೆ ಬಿಟ್ಟುಬಿಡುವುದು. ಆದರೆ ಹೊಡೆತವೂ ಪಟ್ಟಿಯಲ್ಲಿತ್ತು. ಶೇಕಡಾ 82 ಮಂದಿ ಎಲ್ಲೂ ದೂರು ಕೊಟ್ಟಿರಲಿಲ್ಲ. ಮನೆಯ ಮಾತು ಹೊರಗೆ ಹೋಗಬಾರದು ಎಂಬುದೇ ದೊಡ್ಡ ಕಾರಣವಾಗಿತ್ತು.

ಆ ಸಮೀಕ್ಷೆಯಲ್ಲಿ ಎಲ್ಲಕ್ಕಿಂತ ಮೇಲೆ ಇದ್ದ ಊರು ಮಂಗಳೂರು. ಶೇಕಡಾ 47.

ನಾನು ಆ ಕಡೆಯವಳು. ಈ ಅಂಕಿಯನ್ನು ಇಲ್ಲಿಯ ಸಂಘದ ಕೂಟವೊಂದರಲ್ಲಿ ಹೇಳಿದಾಗ ಮೊದಲು ಬಂದ ಪ್ರಶ್ನೆ, "ಸರ್ವೆ ಮಾಡಿದವರು ಯಾರು?" ಎರಡನೆಯದು, "ನಮ್ಮ ಕಡೆ ಹಾಗೆ ಇಲ್ವಲ್ಲ." ನ್ಯಾಯವಾಗಿ ಹೇಳಬೇಕೆಂದರೆ, ಊರಿಗೆ ಇನ್ನೂರು ಚಿಲ್ಲರೆ ಜನರನ್ನು ಕೇಳಿ ಒಂದು ಊರನ್ನು ದೇಶದಲ್ಲೇ ಮೊದಲೆಂದು ನಿಲ್ಲಿಸಲಾಗದು. ಮಂಗಳೂರಿನ ಹಿರಿಯರು ಬೇರೆಯವರಿಗಿಂತ ಬಾಯಿಬಿಟ್ಟು ಹೇಳಿದರು ಎಂದೂ ಆಗಬಹುದು. ಹಾಗಿದ್ದರೆ ಅವರಿಗೆ ನಮಸ್ಕಾರ. ಆದರೆ ಮಗನೇ ಮೊದಲು, ಸೊಸೆ ಆಮೇಲೆ ಎಂಬ ಸಾಲನ್ನು ಊರಿನ ಮಾನ ಉಳಿಸಿಕೊಳ್ಳುವ ಉತ್ಸಾಹದಲ್ಲಿ ಅಳಿಸಿಹಾಕಲು ಬರುವುದಿಲ್ಲ. ಶೇಕಡಾ 47 ಹೆಚ್ಚಾಯಿತು ಎನ್ನುವವರು ಶೇಕಡಾ ಎಷ್ಟಾದರೆ ಒಪ್ಪುತ್ತಾರೆ ಎಂದು ನಾನು ಆ ದಿನ ಕೇಳಿದೆ. ಅಷ್ಟರಲ್ಲಿ ಊಟಕ್ಕೆ ಕರೆದರು.

ಸರಕಾರದ ಲೆಕ್ಕ ಏನು ಹೇಳುತ್ತದೆ? ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ, ನಾವೆಲ್ಲ ಎನ್‌ಸಿಆರ್‌ಬಿ ಎನ್ನುವುದು, ಹಿರಿಯ ನಾಗರಿಕರ ಮೇಲಿನ ಅಪರಾಧಗಳಿಗೆ ಪ್ರತ್ಯೇಕ ಅಧ್ಯಾಯ ಇಟ್ಟಿದೆ. 2022ರಲ್ಲಿ ದಾಖಲಾದ ಪ್ರಕರಣ 28,545. ಹಿಂದಿನ ವರ್ಷ 26,110. ಅತಿ ಹೆಚ್ಚಿನವು ಕಳವೂ ಅಲ್ಲ, ವಂಚನೆಯೂ ಅಲ್ಲ. ಸಾಮಾನ್ಯ ಗಾಯ ಮಾಡಿದ ಪ್ರಕರಣಗಳು, ಸುಮಾರು 7,800. ಅಂದರೆ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಸಲ ಯಾರೋ ಒಬ್ಬ ಮುದುಕನ ಅಥವಾ ಮುದುಕಿಯ ಮೈಮೇಲೆ ಕೈ ಮಾಡಿದ್ದಾರೆ. ಆ ಯಾರೋ ಯಾರು? ಕೋಷ್ಟಕ ತೆರೆದು ನೋಡಿದರೆ ಯಾವ ರಾಜ್ಯ, ಯಾವ ನಗರ, ಎಷ್ಟು ಬಂಧನ, ಎಷ್ಟು ಶಿಕ್ಷೆ ಎಲ್ಲ ಸಿಗುತ್ತದೆ. ಆರೋಪಿಗೂ ಹಿರಿಯರಿಗೂ ಏನು ಸಂಬಂಧ ಎಂಬ ಕಾಲಂ ಇಲ್ಲ.

ಕಾಲಂ ಮಾಡಲು ಬರುವುದಿಲ್ಲ ಎಂದಲ್ಲ. ಅದೇ ವರದಿಯಲ್ಲಿ ಅತ್ಯಾಚಾರದ ಪ್ರಕರಣಗಳಿಗೆ ಆ ಕೋಷ್ಟಕ ಇದೆ. ಮನೆಯವನೇ, ನೆರೆಯವನೇ, ಸ್ನೇಹಿತನೇ, ಕೆಲಸ ಕೊಟ್ಟವನೇ ಎಂದು ಬಿಡಿಸಿ ಬರೆಯುತ್ತಾರೆ. ಬಹುಪಾಲು ಪ್ರಕರಣಗಳಲ್ಲಿ ಆರೋಪಿ ಪರಿಚಿತನೇ ಎಂದು ವರ್ಷವರ್ಷವೂ ನಮಗೆ ಗೊತ್ತಾಗುತ್ತಿರುವುದು ಆ ಕೋಷ್ಟಕದಿಂದಲೇ. ಕತ್ತಲ ಓಣಿಯ ಅಪರಿಚಿತನ ಕಥೆಯನ್ನು ಸ್ವಲ್ಪವಾದರೂ ಅಲುಗಿಸಿದ್ದು ಅದು. ಮುದುಕರ ವಿಷಯದಲ್ಲಿ ಅಂಥ ಕೋಷ್ಟಕ ಇಲ್ಲದಿರುವುದರಿಂದ ನಮ್ಮ ಸೊಸೈಟಿಯ ಫೈಲಿಗೆ ಎದುರಾಗಿ ನಿಲ್ಲುವ ಲೆಕ್ಕವೇ ಇಲ್ಲ.

ಇನ್ನೊಂದು ಸಂಗತಿ. ಬರಿಗೈಯಲ್ಲಿ ಹೊಡೆದು ಸಾಮಾನ್ಯ ಗಾಯ ಮಾಡಿದರೆ ಹಳೆಯ ದಂಡಸಂಹಿತೆಯ 323, ಈಗಿನ ನ್ಯಾಯ ಸಂಹಿತೆಯ 115ನೇ ಕಲಂ. ಒಂದು ವರ್ಷದವರೆಗೆ ಸಜೆ, ಅಥವಾ ಹತ್ತು ಸಾವಿರದವರೆಗೆ ದಂಡ. ಅದು ಅಸಂಜ್ಞೇಯ ಅಪರಾಧ. ಮುಂಬಯಿಯಲ್ಲಿದ್ದವರಿಗೆ "ಎನ್‌ಸಿ ಬರೆದುಕೊಂಡರು" ಎಂಬ ಮಾತು ಗೊತ್ತು. ಪೊಲೀಸರು ಒಂದು ಪುಸ್ತಕದಲ್ಲಿ ಬರೆದು ಒಂದು ಚೀಟಿ ಕೊಡುತ್ತಾರೆ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಮಾಡುವ ಹಾಗಿಲ್ಲ. ಎನ್‌ಸಿಆರ್‌ಬಿ ಲೆಕ್ಕ ಹಾಕುವುದು ಸಂಜ್ಞೇಯ ಅಪರಾಧಗಳನ್ನು. ಮಗ ತಾಯಿಯ ಕೆನ್ನೆಗೆ ಬಾರಿಸಿದ್ದು ಠಾಣೆಯವರೆಗೆ ಹೋದರೂ ಎನ್‌ಸಿ ಚೀಟಿಯಲ್ಲಿ ಮುಗಿದರೆ ದೆಹಲಿಯ ಪುಸ್ತಕಕ್ಕೆ ಬರುವುದಿಲ್ಲ.

ನನ್ನ ದೊಡ್ಡಮ್ಮನ ವಿಷಯ ಹೇಳುತ್ತೇನೆ. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಹೆಸರು ಹಾಕಬೇಡ" ಎಂದರು. ಎಪ್ಪತ್ತೆಂಟು ವರ್ಷ. ಗಂಡ ಮೇಷ್ಟರಾಗಿದ್ದರು, ಹೋಗಿ ಹನ್ನೊಂದು ವರ್ಷವಾಯಿತು, ಕುಟುಂಬ ಪಿಂಚಣಿ ಬರುತ್ತದೆ. ಇಬ್ಬರು ಮಕ್ಕಳು ಹೊರಗಿದ್ದಾರೆ, ಒಬ್ಬ ಹೈದರಾಬಾದಿನಲ್ಲಿ, ಮಗಳು ನವಿ ಮುಂಬಯಿಯಲ್ಲಿ. ಊರಿನ ಮನೆಯಲ್ಲಿ ಅವರ ಜೊತೆ ಇರುವವನು ಎರಡನೆಯ ಮಗ. ಮದುವೆಯಾಗಿಲ್ಲ. ಎರಡು ವ್ಯಾಪಾರ ಮಾಡಿ ಎರಡೂ ಮುಳುಗಿ ಈಗ ಏನೂ ಮಾಡುವುದಿಲ್ಲ. ಎರಡು ವರ್ಷದ ಹಿಂದೆ ದೊಡ್ಡಮ್ಮನ ಮಣಿಕಟ್ಟು ಮುರಿಯಿತು. ಬಚ್ಚಲಲ್ಲಿ ಜಾರಿ ಬಿದ್ದರು ಎಂದು ಎಲ್ಲರಿಗೂ ಫೋನು ಹೋಯಿತು. ನಾನು ನೋಡಲು ಹೋದಾಗ ಪ್ಲಾಸ್ಟರು ಒಂದು ಕೈಗಿತ್ತು, ಬೆರಳಿನ ಗುರುತು ಎರಡೂ ತೋಳುಗಳಲ್ಲಿತ್ತು. ಬಚ್ಚಲಿಗೆ ಬೆರಳುಗಳಿರುವುದಿಲ್ಲ.

ಆಸ್ಪತ್ರೆಯಲ್ಲಿ ಯಾರೂ ಕೇಳಿರಲಿಲ್ಲ. ಕರೆದುಕೊಂಡು ಹೋದವನು ಅವನೇ, ಹೇಗೆ ಬಿದ್ದರೆಂದು ವೈದ್ಯರಿಗೆ ವಿವರಿಸಿದವನೂ ಅವನೇ. ಅವನು ಪೇಟೆಗೆ ಹೋದ ಹೊತ್ತು ನೋಡಿ ನಾನು ಕೇಳಿದೆ. ದೊಡ್ಡಮ್ಮ ಮೊದಲು ಬೇರೆ ಏನೇನೋ ಮಾತಾಡಿದರು, ಅಡಿಕೆ ರೇಟು, ಪಕ್ಕದ ಮನೆಯ ಮಗಳ ಹೆರಿಗೆ. ಆಮೇಲೆ ಹೇಳಿದರು. ಪಿಂಚಣಿ ಬಂದ ದಿನ ಎಟಿಎಂ ಕಾರ್ಡು ಕೊಡಲಿಲ್ಲವೆಂದು ತಿರುಚಿದ್ದು. ಮೊದಲ ಸಲವೇನಲ್ಲ. ಠಾಣೆಗೆ ಹೋಗೋಣ ಎಂದೆ. ಅವರು ಹೆದರಿ ಬೇಡ ಎಂದಿದ್ದರೆ ನನಗೆ ಅರ್ಥವಾಗುತ್ತಿತ್ತು. ಅವರು ಕೇಳಿದ್ದು, "ಅವನನ್ನು ಕರ್ಕೊಂಡು ಹೋದ್ರೆ ಅಲ್ಲಿ ಅವನಿಗೆ ಊಟ ಯಾರು ಹಾಕ್ತಾರೆ?"

ಈ ಪ್ರಶ್ನೆಯಲ್ಲಿ ಇಡೀ ವಿಷಯ ಇದೆ ಎಂದು ನನಗೆ ಅನಿಸುತ್ತದೆ. ಯಾರು ಯಾರನ್ನು ಸಾಕುತ್ತಿದ್ದಾರೆ? ನಾವು ಹೇಳಿಕೊಳ್ಳುವ ಕಥೆಯಲ್ಲಿ ಮುದುಕರು ಹೊರೆ, ಮಗ ಹೊರೆ ಹೊತ್ತವನು, ಹೊತ್ತು ಹೊತ್ತು ಸುಸ್ತಾಗಿ ಒಂದು ದಿನ ಕೈ ಜಾರುತ್ತದೆ. ಪಾಪ, ಅವನಿಗೂ ಸಾಕಾಗಿರುತ್ತದೆ. ಅಮೆರಿಕದ ಬಾಸ್ಟನ್ ನಗರದಲ್ಲಿ ಕಾರ್ಲ್ ಪಿಲೆಮರ್ ಮತ್ತು ಡೇವಿಡ್ ಫಿಂಕೆಲ್‌ಹೋರ್ ಎರಡು ಸಾವಿರ ಹಿರಿಯರನ್ನು ಮಾತಾಡಿಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕಥೆಯನ್ನು ಪ್ರಶ್ನಿಸಿತು. ಅಲ್ಲಿ ಮಕ್ಕಳಿಗಿಂತ ಹೆಚ್ಚು ಸಲ ಹಿಂಸೆ ಮಾಡಿದವರು ಗಂಡ ಅಥವಾ ಹೆಂಡತಿ. ಯಾರ ಜೊತೆ ಬದುಕುತ್ತಾರೋ ಅವರಿಂದ ಪೆಟ್ಟು. ಅಲ್ಲಿಯ ಮುದುಕರು ಹೆಚ್ಚಾಗಿ ಸಂಗಾತಿಯ ಜೊತೆ ಇರುತ್ತಾರೆ, ನಮ್ಮವರು ಮಗನ ಜೊತೆ. ಪಿಲೆಮರ್ ತಮ್ಮ ಬೇರೆ ಕೆಲಸದಲ್ಲೂ ಒತ್ತಿ ಹೇಳಿದ ಮಾತು, ಹೊಡೆಯುವವನೇ ಎಷ್ಟೋ ಸಲ ಹೊಡೆಸಿಕೊಳ್ಳುವವರ ಹಣದ ಮೇಲೆ, ಮನೆಯ ಮೇಲೆ ನಿಂತಿರುತ್ತಾನೆ. ನನ್ನ ದೊಡ್ಡಮ್ಮನ ಮನೆಗೆ ಇದನ್ನು ಅನ್ವಯಿಸಲು ಬಾಸ್ಟನ್ನಿಗೆ ಹೋಗಬೇಕಿರಲಿಲ್ಲ, ಬ್ಯಾಂಕ್ ಪಾಸ್‌ಬುಕ್ ಸಾಕಿತ್ತು.

ಸುಸ್ತು ಸುಳ್ಳು ಎನ್ನುತ್ತಿಲ್ಲ. ಮರೆವಿನ ಕಾಯಿಲೆಯ ಅತ್ತೆಯನ್ನು ರಾತ್ರಿ ಐದು ಸಲ ಎಬ್ಬಿಸಿ ಕರೆದೊಯ್ಯುವ ಸೊಸೆಯ ಸುಸ್ತು ನಿಜ. ಆ ಶೇಕಡಾ 34ರಲ್ಲಿ ಅವಳೂ ಇರಬಹುದು. ಆರೈಕೆಯ ಕೆಲಸವನ್ನೆಲ್ಲ ಅವಳ ತಲೆಗೆ ಕಟ್ಟಿ, ದೂರು ಬಂದಾಗ ಮೊದಲು ಅವಳ ಕಡೆ ಬೆರಳು ತೋರಿಸುವುದು ನಮ್ಮ ಧಾರಾವಾಹಿಗಳಿಗೆ ಇಷ್ಟವಾದ ದಾರಿ. ಅಂಥ ಮನೆಗೆ ಬೇಕಾದದ್ದು ಇನ್ನೊಬ್ಬರ ಎರಡು ಕೈ. ಆದರೆ ಸುಸ್ತಾದವರೆಲ್ಲ ಎಟಿಎಂ ಕಾರ್ಡಿಗಾಗಿ ಮಣಿಕಟ್ಟು ತಿರುಚುವುದಿಲ್ಲ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಅವಳಿಗೆ ಕೈ ಸಿಗುವುದಿಲ್ಲ, ಇವನಿಗೆ ಕೇಸು ಬೀಳುವುದಿಲ್ಲ.

ನಮ್ಮ ಸಿನಿಮಾ, ಹರಿಕಥೆ, ಕಥೆಗಳೂ ಇದರಲ್ಲಿ ಪಾಲುದಾರರು. 1958ರ ಬಿ.ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ ನೋಡಿ ಅಳದವರು ನಮ್ಮ ಅಜ್ಜಿಯರ ಕಾಲದಲ್ಲಿ ಯಾರಿದ್ದರು? ಮುಪ್ಪಿನಲ್ಲಿ ಗಂಡಹೆಂಡಿರನ್ನು ಮಕ್ಕಳು ಹಂಚಿಕೊಂಡು ಬೇರೆ ಮಾಡುವ ಕಥೆ. ಒಳ್ಳೆಯ ಚಿತ್ರ, ಅದರ ಮೇಲೆ ನನಗೆ ಕೋಪವಿಲ್ಲ. ಆದರೆ ಅಲ್ಲಿಂದ ಹಿಂದಿಯ ‘ಬಾಗ್‌ಬಾನ್’ವರೆಗೆ ನಾವು ಕಲಿತ ಶಬ್ದ ಒಂದೇ: ಕೃತಘ್ನತೆ. ಮಗ ತಾಯಿಯನ್ನು ನೋಡಿಕೊಳ್ಳದಿದ್ದರೂ ಕೃತಘ್ನ, ಬೈದರೂ ಕೃತಘ್ನ, ಮೂಳೆ ಮುರಿದರೂ ಕೃತಘ್ನ. ಅಪರಾಧಕ್ಕೆ ಈ ಹೆಸರಿಟ್ಟ ಕೂಡಲೇ ಅದು ಪೊಲೀಸರ ಕೆಲಸವಾಗಿ ಉಳಿಯುವುದಿಲ್ಲ, ಹರಿಕಥೆದಾಸರ ಕೆಲಸವಾಗುತ್ತದೆ. ನೆರೆಯವನು ಬಂದು ಅವಳ ಕೈ ಮುರಿದರೆ ನಾವು ಅವನನ್ನು ಕೃತಘ್ನ ಎನ್ನುತ್ತೇವೆಯೇ?

ಶಬ್ದಗಳು ಎಲ್ಲಿಯವರೆಗೆ ಕೊಂಡೊಯ್ಯಬಲ್ಲವು ಎಂದು ಚೆನ್ನೈಯಲ್ಲಿರುವ ಓದುಗರಿಗೆ ಗೊತ್ತಿರಬಹುದು. ತಮಿಳುನಾಡಿನ ದಕ್ಷಿಣದ ಕೆಲವು ಜಿಲ್ಲೆಗಳಲ್ಲಿ, ವಿರುದುನಗರ, ಮದುರೆ ಕಡೆಗಳಲ್ಲಿ, ತಲೈಕೂತಲ್ ಎಂಬುದಿದೆ. ಶಬ್ದಾರ್ಥ ಎಣ್ಣೆಸ್ನಾನದ ಸುತ್ತಮುತ್ತಲಿನದು. ಹಾಸಿಗೆ ಹಿಡಿದ ಮುದುಕರಿಗೆ ಬೆಳಗಿನ ಜಾವ ಎಣ್ಣೆ ಹಚ್ಚಿ ತಣ್ಣೀರೆರೆದು, ಎಳನೀರು ಕುಡಿಸಿ ಸಾಯಿಸುವುದು. ಮಾಡುವವರು ಮನೆಯವರು. ಊರಿಗೆ ಗೊತ್ತಿರುತ್ತದೆ. 2010ರಲ್ಲಿ ವಿರುದುನಗರ ಜಿಲ್ಲೆಯ ಎಂಬತ್ತು ವರ್ಷದ ಒಬ್ಬರು ಮನೆಯವರ ಮಾತು ಕೇಳಿಸಿಕೊಂಡು ಮನೆ ಬಿಟ್ಟು ಓಡಿದ ಮೇಲೆ ಇದು ದೊಡ್ಡ ಸುದ್ದಿಯಾಯಿತು. ಪ್ರಿಯಾ ಕೃಷ್ಣಸ್ವಾಮಿ ಇದರ ಮೇಲೆ ಮಾಡಿದ ‘ಬಾರಂ’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಬಾರಂ ಎಂದರೆ ಭಾರವೇ. ಬಡತನ, ಆಸ್ಪತ್ರೆಯ ದೂರ, ನರಳಾಟ ಎಲ್ಲ ಇದರ ಹಿಂದೆ ಇವೆ, ಒಪ್ಪುತ್ತೇನೆ. ಆದರೂ ಎಂಬತ್ತರ ಆ ಮನುಷ್ಯ ಓಡಿದ್ದನ್ನು ಮರೆಯಬಾರದು. ಸ್ನಾನ ಬೇಡವೆಂದು ಯಾರೂ ಊರು ಬಿಟ್ಟು ಓಡುವುದಿಲ್ಲ.

ಈಗ ಕಾನೂನು. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ 2007ರಲ್ಲಿ ಬಂತು. ಅದರ ಹೆಸರೇ ಅದರ ಮನಸ್ಸನ್ನು ಹೇಳುತ್ತದೆ, ಪೋಷಣೆ. ತಿಂಗಳಿಗೆ ಹೆಚ್ಚೆಂದರೆ ಹತ್ತು ಸಾವಿರ ಜೀವನಾಂಶ. ಹಿರಿಯರನ್ನು ತೊರೆದು ಹೋದರೆ ಮೂರು ತಿಂಗಳವರೆಗೆ ಸಜೆ ಅಥವಾ ಐದು ಸಾವಿರದವರೆಗೆ ದಂಡ. ಬಿಟ್ಟುಹೋಗುವ ಮಗ ಅದರ ಕಣ್ಣಿಗೆ ಕಾಣುತ್ತಾನೆ. ಬಿಟ್ಟುಹೋಗದೆ ಮನೆಯಲ್ಲೇ ಇದ್ದು ಹೊಡೆಯುವವನಿಗೆ ಅದರಲ್ಲಿ ಪ್ರತ್ಯೇಕ ಶಿಕ್ಷೆಯಿಲ್ಲ. ತಾಯಿಯಾದರೆ 2005ರ ಕೌಟುಂಬಿಕ ಹಿಂಸೆಯ ಕಾಯ್ದೆಯ ಅಡಿ ಮಗನ ವಿರುದ್ಧ ರಕ್ಷಣೆಯ ಆದೇಶ ಕೇಳಬಹುದು. ಅದು ಹೆಂಡತಿಯರಿಗೆ ಮಾತ್ರ ಎಂದು ಎಷ್ಟೋ ಜನ ತಿಳಿದಿದ್ದಾರೆ, ಹಾಗಲ್ಲ. ತಂದೆಗೆ ಅದೂ ಇಲ್ಲ.

2007ರ ಕಾಯ್ದೆಯ ನಿಜವಾದ ಹಲ್ಲು 23ನೇ ಕಲಂ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಮಗ ನೋಡಿಕೊಳ್ಳದಿದ್ದರೆ ಆ ಪತ್ರವನ್ನು ಟ್ರಿಬ್ಯುನಲ್ ರದ್ದು ಮಾಡಬಹುದು. ಷರತ್ತು ಎಂಬ ಶಬ್ದದ ಮೇಲೆ ಎಲ್ಲ ನಿಂತಿದೆ. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅಂಥ ಷರತ್ತು ಇಲ್ಲದ ದಾನಪತ್ರಕ್ಕೆ ಈ ಕಲಂ ಅನ್ವಯಿಸುವುದಿಲ್ಲ ಎಂದಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ, ಮಗ ಬೇರೆಯಾಗಿ ಬರೆದುಕೊಟ್ಟಿದ್ದ ವಚನಪತ್ರವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಕಾಯ್ದೆಯನ್ನು ಉದಾರವಾಗಿ ಓದಬೇಕೆಂದು ಹೇಳಿ ಆಸ್ತಿ ವಾಪಸು ಕೊಡಿಸಿತು. ನಮ್ಮ ಊರುಗಳಲ್ಲಿ ಸಬ್ ರಿಜಿಸ್ಟ್ರಾರರ ಕಚೇರಿಯ ಎದುರು ಕೂತು ಪತ್ರ ಬರೆಯುವವರು "ಪ್ರೀತಿ ವಿಶ್ವಾಸದಿಂದ" ಎಂದು ಬರೆದು ಮುಗಿಸುತ್ತಾರೆ. ಅಲ್ಲೊಂದು ಸಾಲು ಸೇರಿಸಲು ಯಾವ ಮಗಳು, ಯಾವ ಮಗ ಹೇಳುತ್ತಾರೆ? ಹೇಳಿದರೆ "ನನ್ನ ಮೇಲೆ ನಂಬಿಕೆ ಇಲ್ವಾ" ಎಂದು ಮುಖ ಊದಿಸಿಕೊಳ್ಳುತ್ತಾರೆ. ವಾಚ್‌ಮನ್ ಹಾಗೆ ಕೇಳಿದ್ದನ್ನು ನಾನು ನೋಡಿಲ್ಲ.

(ಕಾಯ್ದೆಯ ದುರುಪಯೋಗವೂ ಉಂಟು. ಬೆಂಗಳೂರಿನ ಒಂದು ಪ್ರಕರಣದಲ್ಲಿ ಗಂಡ ಮನೆಯನ್ನು ತಂದೆಗೆ ಕೊಟ್ಟು, ತಂದೆ ತಾಯಿಗೆ ಕೊಟ್ಟು, ಹಿರಿಯರ ಕಾಯ್ದೆ ಹಿಡಿದು ಸೊಸೆಯನ್ನು ಹೊರಹಾಕಲು ಹೋದರು. 2020ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಒಪ್ಪಲಿಲ್ಲ. ಒಳ್ಳೆಯದೇ ಆಯಿತು.)

ಕೊನೆಗೆ ನಾವು. ಊರು ಬಿಟ್ಟು ಬಂದವರು. ಈ ಪತ್ರಿಕೆ ಓದುವವರಲ್ಲಿ ಬಹಳ ಜನರ ಮನೆಯಲ್ಲಿ ಒಬ್ಬ ಅಣ್ಣನೋ ತಮ್ಮನೋ ಊರಲ್ಲಿ ಉಳಿದಿದ್ದಾನೆ. ಅವನು ಇದ್ದಾನೆಂದೇ ನಾವು ಇಲ್ಲಿ ಇರಲು ಸಾಧ್ಯವಾಗಿದೆ. ಬಹಳಷ್ಟು ಅಣ್ಣತಮ್ಮಂದಿರು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ, ನಮಗಿಂತ ಚೆನ್ನಾಗಿ. ಆದರೆ ಎಲ್ಲಿ ಹಾಗಿಲ್ಲವೋ ಅಲ್ಲಿ ನಮ್ಮ ಬಾಯಿ ಕಟ್ಟುವ ವಾಕ್ಯ ಒಂದೇ: "ಹಾಗಾದ್ರೆ ನೀನೇ ಕರ್ಕೊಂಡು ಹೋಗು." ಒಂದು ಬೆಡ್‌ರೂಮಿನ ಫ್ಲಾಟು, ಇಬ್ಬರಿಗೂ ನೌಕರಿ, ಮಕ್ಕಳ ಹತ್ತನೇ ಕ್ಲಾಸು. ಆ ವಾಕ್ಯ ಬಂದ ಕೂಡಲೇ ನಾವು ದನಿ ಇಳಿಸುತ್ತೇವೆ. ದೊಡ್ಡಮ್ಮನ ಹೈದರಾಬಾದಿನ ಮಗನೂ ಇಳಿಸಿದ. "ಅವಳು ಅವನ ಜೊತೆ ಇರೋಕೆ ಒಪ್ಕೊಂಡಿದಾಳಲ್ಲ" ಎಂದ. ಭಾನುವಾರದ ವಿಡಿಯೋ ಕಾಲಿನಲ್ಲಿ ಅಮ್ಮ ನಗುತ್ತಿದ್ದರು, ಚೆನ್ನಾಗಿದ್ದೇನೆ ಎನ್ನುತ್ತಿದ್ದರು. ಫೋನು ಹಿಡಿದುಕೊಂಡಿದ್ದವನು ಯಾರು ಎಂದು ನಾನು ಕೇಳಿದೆ. ಅವನಿಗೆ ಸಿಟ್ಟು ಬಂತು.

ಕಾಲಂ ಸೇರಿಸಿ ಎಂದು ಎನ್‌ಸಿಆರ್‌ಬಿಗೆ ಬರೆಯೋಣ, ಬರೆಯಬೇಕು. ಅಷ್ಟರಲ್ಲಿ ದಸರೆಗೋ ದೀಪಾವಳಿಗೋ ಊರಿಗೆ ಹೋದಾಗ ಅಮ್ಮನ ಜೊತೆ, ಅಪ್ಪನ ಜೊತೆ ಒಂದು ಗಂಟೆ ಒಬ್ಬರೇ ಕೂರುವುದು ಯಾರ ಕೈಯಲ್ಲೂ ಆಗುವ ಕೆಲಸ. ಫೋನು ಅವರದೇ ಇರಲಿ, ಸಾಧಾರಣ ಗುಂಡಿಯ ಫೋನಾದರೂ ಸರಿ, ಅದರಲ್ಲಿ 14567 ಎಂಬ ಹಿರಿಯರ ಸಹಾಯವಾಣಿಯ ಸಂಖ್ಯೆ ಇರಲಿ. ಪಿಂಚಣಿಯ ಕಾರ್ಡು ಯಾರ ಬಳಿ ಇದೆ ಎಂದು ಕೇಳಿ. ಡಾಕ್ಟರ ಹತ್ತಿರ ಹೋದಾಗ ಮನೆಯವರೆಲ್ಲ ಹೊರಗೆ ನಿಂತು ಅವರೊಬ್ಬರನ್ನೇ ಒಳಗೆ ಬಿಡಿ, ನೀವೂ ಹೊರಗೆ ನಿಲ್ಲಿ. ಮತ್ತು "ನೀನೇ ಕರ್ಕೊಂಡು ಹೋಗು" ಎಂದರೆ ಕೊಡಲು ಒಂದು ಉತ್ತರ ಮೊದಲೇ ಸಿದ್ಧ ಇಟ್ಟುಕೊಳ್ಳಿ. ಪೂರ್ತಿ ಕರೆತರಲಾಗದಿದ್ದರೆ ವರ್ಷಕ್ಕೆ ಮೂರು ತಿಂಗಳು, ಅದೂ ಆಗದಿದ್ದರೆ ಊರಲ್ಲೇ ಒಬ್ಬ ಸಹಾಯಕಿಯ ಸಂಬಳ. ಅವಳ ಆಧಾರ್ ನಕಲು ಬೇಕಿದ್ದರೆ ಇಟ್ಟುಕೊಳ್ಳಿ.

ದೊಡ್ಡಮ್ಮ ದೂರು ಕೊಡಲಿಲ್ಲ. ಅದು ಅವರ ನಿರ್ಧಾರ, ನನಗೆ ಈಗಲೂ ಸರಿ ಕಾಣುವುದಿಲ್ಲ. ಪಿಂಚಣಿಯ ಖಾತೆ ಬೇರೆ ಬ್ಯಾಂಕಿಗೆ ಹೋಯಿತು, ಕಾರ್ಡು ಮಾಡಿಸಲಿಲ್ಲ, ಪಕ್ಕದ ಮನೆಯ ಟೀಚರು ತಿಂಗಳಿಗೊಮ್ಮೆ ಜೊತೆಗೆ ಹೋಗಿ ಹಣ ತರುತ್ತಾರೆ. ಅದೇ ಟೀಚರ ಮಗಳು ಬೆಳಿಗ್ಗೆ ಸಂಜೆ ಬಂದು ಹೋಗುತ್ತಾಳೆ, ಅವಳ ಸಂಬಳವನ್ನು ನವಿ ಮುಂಬಯಿಯ ಅಕ್ಕನೂ ನಾನೂ ಹಂಚಿಕೊಂಡಿದ್ದೇವೆ. ಮಗ ಈಗ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿರುತ್ತಾನೆ. ಊಟ ದೊಡ್ಡಮ್ಮನೇ ಕಳಿಸುತ್ತಾರೆ. ಹೈದರಾಬಾದಿನವರ ಹೊಸ ಮನೆಯ ಗೃಹಪ್ರವೇಶಕ್ಕೆ ನಮಗೆ ಹೇಳಿಕೆ ಬರಲಿಲ್ಲ.